ಬೀಟೆ ಕಂಬಕ್ಕೆ ಕೊಟ್ಟ ಕಂದು

1938ರ ಏಪ್ರಿಲ್ ತಿಂಗಳ ನಾಲ್ಕನೆಯ ಶನಿವಾರ, ಮಡಿಕೇರಿಯ ಕಚೇರಿಯೊಂದರಲ್ಲಿ, ಗಾಳಿಬೀಡಿನ ರೈತರೊಬ್ಬರ ಕೊಟ್ಟಿಗೆಯ ನಾಲ್ಕು ಬೀಟೆ ಕಂಬಗಳನ್ನು ಕಿತ್ತು ಸರಕಾರದ ಮರದ ಡಿಪೋಗೆ ಒಪ್ಪಿಸಬೇಕೆಂದು ಹುಕುಂ ಆಯಿತು. ಕಂಬಗಳು ಹಳೆಯವು ಎಂಬ ಅವರ ಹೇಳಿಕೆಗೆ ಆಧಾರವಾಗಿ ಹಾಜರುಪಡಿಸಿದ್ದು ನಾಲ್ಕು ಛಾಯಾಚಿತ್ರಗಳನ್ನು. ಅವುಗಳನ್ನು ತೆಗೆದವನು ನಾನು. ಚಿತ್ರಗಳು ಮರದ ಹಳೆತನವನ್ನು ತೋರಿಸುವುದಿಲ್ಲ ಎಂದು ಹುಕುಮಿನಲ್ಲಿ ಬರೆದಿತ್ತು. ಬರೆದದ್ದು ಸರಿಯಾಗಿಯೇ ಇತ್ತು. ಹಳೆತನ ಕಂಬಗಳಲ್ಲಿತ್ತು, ಚಿತ್ರಗಳಲ್ಲಿ ಇರಲಿಲ್ಲ. ಅದನ್ನು ಅಳಿಸಿದವನೂ ನಾನೇ.

ಆಗ ನನಗೆ ಇಪ್ಪತ್ತಾರು ವರ್ಷ. ವಾರಪತ್ರಿಕೆಯೊಂದಕ್ಕೆ ಮಡಿಕೇರಿಯ ಸುದ್ದಿ ಬರೆಯುತ್ತಿದ್ದೆ. ಅಧಿಕಾರಿಗಳ ವರ್ಗಾವಣೆ, ಕಾಫಿಯ ಧಾರಣೆ, ರಸ್ತೆಗೆ ಬಿದ್ದ ಮರ, ಕರಡಿಯ ಕೈಗೆ ಸಿಕ್ಕವರು. ಸಂಪಾದಕರು ಕಲಿಸಿದ್ದು ಎರಡೇ ಪಾಠ. ನೋಡಿದ್ದನ್ನು ಬರೆ, ಊಹಿಸಿದ್ದನ್ನು ಬರೆಯಬೇಡ. ಬರೆದು ಮುಗಿದ ಮೇಲೆ ಏನನ್ನು ಬಿಟ್ಟಿದ್ದೀಯ ಎಂದು ಇನ್ನೊಮ್ಮೆ ಓದು. ಪತ್ರಿಕೆಯ ಕೆಲಸ ವಾರದಲ್ಲಿ ಎರಡು ದಿನಕ್ಕೆ ಮುಗಿಯುತ್ತಿತ್ತು. ಉಳಿದ ದಿನಗಳಲ್ಲಿ ಪೇಟೆಯ ಇಳಿಜಾರಿನಲ್ಲಿದ್ದ ಒಂದು ಫೋಟೊ ಸ್ಟುಡಿಯೊದಲ್ಲಿ ಕೆಲಸ. ಯಜಮಾನರು ತಲಶೇರಿಯಿಂದ ಬಂದವರು. ಮಲಯಾಳವನ್ನು ಕನ್ನಡದೊಳಗೆ ಸುರಿದು ಮಾತಾಡುತ್ತಿದ್ದರು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ‘ಪೇಪರ್‌ಕಾರ’ ಎನ್ನುತ್ತಿದ್ದರು.

ಬಿಸು ಹಬ್ಬಕ್ಕೆ ಎರಡು ದಿನ ಇರುವಾಗ ಆ ರೈತರು ಸ್ಟುಡಿಯೊಕ್ಕೆ ಬಂದರು. ಅರುವತ್ತರ ಮೇಲಿನ ವಯಸ್ಸು, ಮೊಣಕಾಲವರೆಗೆ ಕಟ್ಟಿದ ಪಂಚೆ. ಬಾಗಿಲಲ್ಲೇ ನಿಂತು, ಗೋಡೆಯ ಮೇಲಿದ್ದ ಮದುವೆ ಪಟಗಳನ್ನೆಲ್ಲ ನೋಡಿ ಮುಗಿಸಿ, ನಮ್ಮ ಕಡೆಯ ಗೌಡರ ಅರೆಭಾಷೆಯಲ್ಲಿ ಕೇಳಿದರು.

“ಇಲ್ಲಿ ಮನುಷ್ಯರ ಪಟ ಮಾತ್ರನಾ? ಮರದ್ದೂ ತೆಗ್ದವೆನಾ?”

“ಮರ ಬಹಳ ಒಳ್ಳೇದು,” ಎಂದರು ಯಜಮಾನರು. “ಅಲ್ಲಾಡೋದಿಲ್ಲ, ಕಣ್ಣು ಮುಚ್ಚೋದಿಲ್ಲ, ಮೂಗು ದೊಡ್ಡದಾಯ್ತು ಅಂತ ಜಗಳಕ್ಕೂ ಬರೋದಿಲ್ಲ. ಯಾವ ಮರ?”

“ನನ್ನಜ್ಜ ನೆಟ್ಟ ಕಂಬ. ಗಾರ್ಡ್ ಹೇಳುದು, ಅದ್ ನಾನ್ ಕದ್ದದ್ ಅಂತ.”

ವಿಷಯ ಇಷ್ಟು. ಹಿಂದಿನ ಡಿಸೆಂಬರ್‌ನಲ್ಲಿ ಅವರ ಊರಿನ ಮೇಲಿನ ಸರಕಾರಿ ಕಾಡಿನಲ್ಲಿ ಯಾರೋ ಒಂದು ಬೀಟೆ ಮರ ಕಡಿದಿದ್ದರು. ಜನವರಿಯಲ್ಲಿ ಈ ರೈತರು ತಮ್ಮ ಅಜ್ಜನ ಕಾಲದ ಭತ್ತದ ಕಣಜದ ಮನೆಯನ್ನು ಬಿಚ್ಚಿದರು. ಅದರ ನಾಲ್ಕು ಬೀಟೆ ಕಂಬಗಳನ್ನು ತಂದು ಹೊಸದಾಗಿ ಕೊಟ್ಟಿಗೆ ಕಟ್ಟಿದರು. ನಮ್ಮ ಕಡೆ ಎಲ್ಲರೂ ಹೀಗೆಯೇ ಮಾಡುತ್ತಾರೆ. ಮನೆ ಹಳೆಯದಾದರೆ ಬಿಚ್ಚುತ್ತಾರೆ, ಗಟ್ಟಿ ಕಂಬವನ್ನು ಇನ್ನೊಂದು ಕಡೆ ನಿಲ್ಲಿಸುತ್ತಾರೆ. ಬೀಟೆ ಕಂಬ ಮೂರು ಮನೆ ನೋಡುತ್ತದೆ. ಆದರೆ ಕಾಡಿನ ಗಾರ್ಡಿಗೆ ಕಂಡದ್ದು ಹೊಸ ಕೊಟ್ಟಿಗೆ, ಬೀಟೆ ಕಂಬ, ಕಾಡಿನಲ್ಲಿ ಬೀಟೆಯ ಬುಡ. ಆತ ಪ್ರತಿ ಕಂಬದಲ್ಲೂ ಅಂಗೈಯಗಲ ಜಾಗ ಕೆತ್ತಿ, ಒಳಗಿನ ಮರ ನೋಡಿ, ಅದರ ಮೇಲೆ ಇಲಾಖೆಯ ಸುತ್ತಿಗೆಯಿಂದ ಗುರುತು ಹೊಡೆದು ವರದಿ ಕಳಿಸಿದ. ವಿಚಾರಣೆ ನಡೆಸಬೇಕಾದ ಇಂಗ್ಲಿಷ್ ದೊರೆಗೆ ಗಾಳಿಬೀಡಿನವರೆಗೆ ಬಂದು ನೋಡಲು ಪುರುಸೊತ್ತಿರಲಿಲ್ಲ. ನೆಟ್ಟ ಕಂಬವನ್ನು ಕಚೇರಿಗೆ ಹೊತ್ತು ತರುವಂತೆಯೂ ಇರಲಿಲ್ಲ. ಕಚೇರಿಯ ಮುಂದೆ ಅರ್ಜಿ ಬರೆಯುವ ಯಾರೋ, ಪಟ ತೆಗೆಸಿ ಕೊಡಿ ಎಂದು ಸಲಹೆ ಕೊಟ್ಟಿದ್ದರು.

ಬಿಸು ಕಳೆದ ಮರುದಿನ ಬೆಳಿಗ್ಗೆ ನಾನು ಕ್ಯಾಮೆರಾ ಪೆಟ್ಟಿಗೆ ಹೊತ್ತು ಹೊರಟೆ. ರೈತರೇ ಮಡಿಕೇರಿಗೆ ಬಂದು ಮುಕ್ಕಾಲಿಯನ್ನು ಹೆಗಲಿಗೇರಿಸಿಕೊಂಡರು. “ಕೋವಿಯಿಂದ ಹಗುರ ಉಟ್ಟು,” ಎಂದರು. “ಆದರೆ ಹಂದಿ ಹೆದರ್ಲಿಕ್ಕಿಲ್ಲೆ.”

ಕೊಟ್ಟಿಗೆ ಅವರ ಮನೆಯ ಹಿಂದೆ, ದಿಣ್ಣೆಯ ಅಂಚಿನಲ್ಲಿತ್ತು. ಹುಲ್ಲಿನ ಮಾಡು ಹೊಸದು. ಕಂಬಗಳು ಹಾಗಿರಲಿಲ್ಲ. ಮರದ ಪರಿಚಯವಿರುವ ಯಾರಿಗೂ ಒಂದು ನೋಟ ಸಾಕಿತ್ತು. ಕಣಜದ ಮನೆಯಲ್ಲಿದ್ದಾಗ ಅವು ಪಡುವಣ ಗಾಳಿಗೂ ಮಳೆಗೂ ಮೈಯೊಡ್ಡಿ ನಿಂತಿದ್ದವು. ಮೃದುವಾದ ಭಾಗ ಸವೆದು ಹೋಗಿ ಗಟ್ಟಿ ಎಳೆಗಳು ಮಾತ್ರ ಮುದುಕರ ಕೈಯ ನರಗಳಂತೆ ಮೇಲೆದ್ದಿದ್ದವು. ಮೈಯೆಲ್ಲ ಬೂದಿ ಬಣ್ಣ, ಬಿಸಿಲು ಓರೆಯಾಗಿ ಬಿದ್ದಾಗ ಬೆಳ್ಳಿ. ಎಳೆಗಳ ನಡುವೆ ಕೂದಲಿನಷ್ಟು ಸಣ್ಣ ಬಿರುಕುಗಳು, ಲೆಕ್ಕಕ್ಕೆ ಸಿಗದಷ್ಟು. ಅಲ್ಲಲ್ಲಿ ಒಣಗಿದ ಕಲ್ಲುಹೂವಿನ ಚುಕ್ಕೆ. ಗಾರ್ಡ್ ಕೆತ್ತಿದ ಜಾಗ ಮಾತ್ರ ಕಡುಗಪ್ಪು, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಬೂದಿಯ ಪಕ್ಕದಲ್ಲಿ ಆ ಕಪ್ಪು ಇತ್ತಲ್ಲ, ಸಾಕ್ಷಿ ಅದೇ. ಒಂದೇ ಚಿತ್ರದಲ್ಲಿ ಎರಡೂ ಕಾಣಬೇಕಿತ್ತು.

ಹತ್ತಿರದಿಂದ ತೆಗೆಯುವುದು ನಿಧಾನದ ಕೆಲಸ. ಕ್ಯಾಮೆರಾದ ತಿದಿಯನ್ನು ಪೂರ್ತಿ ಎಳೆಯಬೇಕು. ಎಳೆದಷ್ಟೂ ಬೆಳಕು ಕಡಿಮೆ, ಹಾಗಾಗಿ ಮಸೂರದ ಮುಚ್ಚಳ ತೆಗೆದು ಬಹಳ ಹೊತ್ತು ಎಣಿಸಬೇಕು. ಗಾಳಿ ಬೀಸಿದರೆ ತಿದಿ ಅದುರುತ್ತದೆ. ಗಾಳಿಬೀಡಿನಲ್ಲಿ ಗಾಳಿ ನಿಲ್ಲುವುದನ್ನು ಕಾಯುತ್ತಾ ನಾನು ಕರಿಬಟ್ಟೆಯೊಳಗೆ ತಲೆ ಹಾಕಿ ನಿಂತಿದ್ದೆ. ರೈತರ ಹೆಂಡತಿ ಹುಲ್ಲಿನ ಹೊರೆ ಇಳಿಸಿ ನೋಡುತ್ತಾ ನಿಂತರು.

“ಮದುಮಗಳ ಪಟಕ್ಕೂ ಇಷ್ಟ್ ಹೊತ್ತ್ ಬೇಡ,” ಎಂದರು. “ಕಂಬಕ್ಕೆ ನಾಚಿಕೆ ಆತುಟ್ಟು.”

“ನೀ ಸುಮ್ನೆ ಕೂರ್. ಗಾಳಿ ನಿನ್ನ ಬಾಯಿಂದಲೇ ಬಾದು,” ಎಂದರು ಗಂಡ.

ನಾಲ್ಕು ಗಾಜಿನ ತಟ್ಟೆಗಳನ್ನು ಬಳಸಿ ಮುಗಿಸುವಾಗ ಹತ್ತು ಗಂಟೆ ದಾಟಿತ್ತು. ಆ ಹೆಂಗಸು ಕಾಫಿ ಕೊಟ್ಟರು. ಕೊಟ್ಟಿಗೆಯಲ್ಲಿ ಆರು ದನಗಳಿದ್ದವು, ಒಂದು ಕರು. ಅವರು ಕರುವಿನ ಕಡೆ ನೋಡುತ್ತಲೇ ನನ್ನನ್ನು ಕೇಳಿದರು. “ಮಳೆ ಬಾಕೆ ಇನ್ನೆಷ್ಟ್ ದಿನ? ಒಂದೂವರೆ ತಿಂಗ. ಕಂಬ ಕಿತ್ತರೆ ಇವುಗಳ್ನ ಎಲ್ಲಿ ಕಟ್ಟುದು? ನಮ್ಮ ಮಳೆ ನಿಮ್ಗೆ ಗೊತ್ತುಟ್ಟಲ್ಲ?”

ಗೊತ್ತಿತ್ತು. ಆ ಮಳೆಯ ಬಗ್ಗೆ ಪ್ರತಿ ವರ್ಷ ಪತ್ರಿಕೆಗೆ ಬರೆಯುತ್ತಿದ್ದವನು ನಾನೇ.

“ಪಟ ನೋಡಿದರೆ ಯಾರಿಗೂ ಸಂಶಯ ಬರೋದಿಲ್ಲ,” ಎಂದೆ.

ಅದು ಆ ಹೊತ್ತಿಗೆ ನಿಜವಾಗಿತ್ತು. ಮರುದಿನ ಸ್ಟುಡಿಯೊದಲ್ಲಿ ಅಚ್ಚು ಹಾಕಿದೆ. ಕಾಗದ ಮುಗಿಯುತ್ತಾ ಬಂದು ನಾಲ್ಕೇ ಹಾಳೆ ಉಳಿದಿದ್ದವು. ಹೊಸ ಕಟ್ಟು ಮಂಗಳೂರಿನಿಂದ ಬಸ್ಸಿನಲ್ಲಿ ಬರಬೇಕಿತ್ತು. ತುಂಡು ಅಂಚುಗಳಲ್ಲಿ ಬೆಳಕಿನ ಅಳತೆ ಪರೀಕ್ಷಿಸಿ, ಒಂದು ಹಾಳೆಯೂ ಹಾಳಾಗದಂತೆ ನಾಲ್ಕೂ ಚಿತ್ರ ತೆಗೆದೆ. ನಾನು ಅದುವರೆಗೆ ಮಾಡಿದ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯದಿರಲಿಲ್ಲ. ಬೂದಿಯಲ್ಲಿ ಎಷ್ಟು ಬಗೆಯ ಬೂದಿ ಇದೆಯೆಂದು ಆ ಹಾಳೆಗಳಲ್ಲಿ ಎಣಿಸಬಹುದಿತ್ತು. ಕೂದಲ ಬಿರುಕು ಒಂದೊಂದೂ ಬೇರೆ ಬೇರೆ. ಕೆತ್ತಿದ ಜಾಗ ಇದ್ದಿಲಿನ ಹಾಗೆ.

ಯಜಮಾನರು ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. “ಮುಟ್ಟಿದರೆ ಬೆರಳಿಗೆ ಸಿಬುರು ಹತ್ತುತ್ತೆ,” ಎಂದರು. “ಇಷ್ಟು ಸಾಕು. ಒಣಗಿಸು, ಕೊಡು.”

ನಾನು ಕೊಡಲಿಲ್ಲ.

ಕಾರಣವನ್ನು ಸುತ್ತಿ ಬಳಸಿ ಹೇಳುವಂತಿಲ್ಲ. ಮುಂದಿನ ತಿಂಗಳು ಪ್ಲಾಂಟರುಗಳು ನಡೆಸುವ ಪ್ರದರ್ಶನವಿತ್ತು. ಹೂವು, ತರಕಾರಿ, ನಾಯಿಗಳ ಜೊತೆಗೆ ಆ ವರ್ಷ ಮೊದಲ ಬಾರಿ ಛಾಯಾಚಿತ್ರಕ್ಕೂ ಒಂದು ವಿಭಾಗ ಇಟ್ಟಿದ್ದರು. ಆ ವಿಭಾಗದ ತೀರ್ಪುಗಾರರಾಗಿ ನೇಮಕವಾಗಿದ್ದವರು, ಈ ಕಂಬಗಳ ವಿಚಾರಣೆ ನಡೆಸಬೇಕಿದ್ದ ಅದೇ ದೊರೆ. ಆ ಸುದ್ದಿಯನ್ನು ಪತ್ರಿಕೆಗೆ ಬರೆದವನೂ ನಾನೇ. ಕ್ಲಬ್ಬಿನಿಂದ ಹೊರಗೆ ಬಂದ ಹಳೆಯ ವಿಲಾಯಿತಿ ಪತ್ರಿಕೆಗಳಲ್ಲಿ ನಾನು ಹಳೆಯ ಬಾಗಿಲು, ದೋಣಿ, ಬೇಲಿಗಳ ಚಿತ್ರ ನೋಡಿದ್ದೆ. ಎಲ್ಲವೂ ಕಂದು ಬಣ್ಣದಲ್ಲಿದ್ದವು. ದೊರೆಗಳಿಗೆ ಅಂಥದ್ದು ಇಷ್ಟ ಎಂದು ನನಗೆ ನಾನೇ ತೀರ್ಮಾನಿಸಿಕೊಂಡೆ. ಕಚೇರಿಯ ಮೇಜಿನ ಮೇಲೆ ನನ್ನ ಕೈಕೆಲಸ ಒಮ್ಮೆ ಅವರ ಕಣ್ಣಿಗೆ ಬಿದ್ದರೆ ಮುಂದೆ ಪ್ರದರ್ಶನದಲ್ಲಿ ಗುರುತು ಹಿಡಿಯುತ್ತಾರೆ ಎಂಬುದು ಲೆಕ್ಕಾಚಾರ.

“ಇವಕ್ಕೆ ಕಂದು ಕೊಡುತ್ತೇನೆ,” ಎಂದೆ.

“ಎಡೋ, ಕಚೇರಿಗೆ ಕಪ್ಪು ಸಾಕು. ಕಂಬಕ್ಕೆ ಯಾಕಪ್ಪ ಕಲ್ಯಾಣದ ಬಣ್ಣ? ಹುಡುಗಿ ನೋಡೋಕೆ ಬರ್ತಾರಾ?”

“ಬಣ್ಣ ಬಹಳ ಕಾಲ ಉಳಿಯುತ್ತದೆ.”

“ವಿಚಾರಣೆ ಬುಧವಾರ. ಬುಧವಾರದವರೆಗೆ ಉಳಿದರೆ ಸಾಕು.” ಅಷ್ಟು ಹೇಳಿ ಅವರು ಈಸ್ಟರಿನ ಗಿರಾಕಿಗಳ ಕಡೆ ಹೋದರು. ಬೇಡ ಎಂದು ಅವರು ಕೈ ಹಿಡಿಯಲಿಲ್ಲ, ಆದರೆ ಹೇಳಬೇಕಾದ್ದನ್ನು ಹೇಳಿದ್ದರು.

ಕಂದು ಕೊಡುವ ಕೆಲಸಕ್ಕೆ ಎರಡು ಹಂತ. ಮೊದಲ ದ್ರಾವಣದಲ್ಲಿ ಚಿತ್ರ ಬಿಳಚಿ, ಹಳದಿ ನೆರಳಿನಂತೆ ಆಗಿ, ಮಾಯವಾದಂತೆ ಕಾಣುತ್ತದೆ. ತೊಳೆದು ಎರಡನೆಯದಕ್ಕೆ ಹಾಕಿದರೆ ಅದೇ ಚಿತ್ರ ಕಂದಾಗಿ ತಿರುಗಿ ಬರುತ್ತದೆ. ಎರಡನೆಯ ದ್ರಾವಣಕ್ಕೆ ಕೊಳೆತ ಮೊಟ್ಟೆಯ ನಾತ. ಒಳಗೆ ಮಾಡಿದರೆ ಬಳಸದೆ ಇಟ್ಟ ಗಾಜಿನ ತಟ್ಟೆಗಳೂ ಹಾಳಾಗುತ್ತವೆ, ಆದ್ದರಿಂದ ಹಿತ್ತಿಲಿನಲ್ಲಿ, ಬಾವಿಕಟ್ಟೆಯ ಪಕ್ಕ ಹಗಲಿನಲ್ಲೇ ಮಾಡುತ್ತಿದ್ದೆವು. ಇದರಲ್ಲಿ ಮೀರಬಾರದ ನಿಯಮ ಒಂದೇ. ಅಚ್ಚು ಹಾಕುವಾಗ ಚಿತ್ರವನ್ನು ನಿಲ್ಲಿಸಲು ಬಳಸಿದ ಹೈಪೊ ಉಪ್ಪು ಕಾಗದದಿಂದ ಪೂರ್ತಿ ತೊಳೆದು ಹೋಗಿರಬೇಕು. ಚೂರು ಉಳಿದರೂ ಮೊದಲನೆಯ ದ್ರಾವಣದ ಜೊತೆ ಸೇರಿ ಅದು ಚಿತ್ರವನ್ನೇ ತಿನ್ನುತ್ತದೆ. ಮೊದಲು ತಿನ್ನುವುದು ತೆಳು ಬಣ್ಣಗಳನ್ನು. ಹಾಗೆ ಹೋದದ್ದು ಎರಡನೆಯ ದ್ರಾವಣದಲ್ಲಿ ತಿರುಗಿ ಬರುವುದಿಲ್ಲ.

ಏಪ್ರಿಲ್‌ನಲ್ಲಿ ಮಡಿಕೇರಿಯ ಗುಡ್ಡದ ಮೇಲೆ ನೀರಿಗೆ ಬರ. ನಮ್ಮ ಬಾವಿಯಲ್ಲಿ ಕೊಡ ತಳಕ್ಕೆ ತಾಗುತ್ತಿತ್ತು. ಬೇಸಿಗೆಯಲ್ಲಿ ತೊಳೆಯಲು ಆರು ಬಕೆಟ್ ಮಾತ್ರ ಎಂಬುದು ಯಜಮಾನರ ಕಟ್ಟಳೆ. ಕಪ್ಪು ಬಿಳುಪಿನ ಚಿತ್ರಕ್ಕೆ ಅದು ನಡೆಯುತ್ತದೆ. ಕಂದು ಕೊಡುವುದಾದರೆ ನಡೆಯುವುದಿಲ್ಲ. ಕೆಳಗೆ ಹರಿಯುವ ತೋಡಿಗೆ ಹೋಗಿ ತೊಳೆದು ತರಬೇಕು, ಅದಕ್ಕೆ ಅರ್ಧ ದಿನ ಬೇಕು. ಸೋಮವಾರ ಬೆಳಿಗ್ಗೆ ನಾನು ತೋಡಿಗೆ ಹೋಗಲಿಲ್ಲ. ಮಧ್ಯಾಹ್ನದೊಳಗೆ ಪತ್ರಿಕೆಗೆ ಸುದ್ದಿ ಕಳಿಸಬೇಕಿತ್ತು. ಅದು ಕಾರಣವೇ ಹೊರತು ಸಮರ್ಥನೆಯಲ್ಲ. ನಿಯಮ ಗೊತ್ತಿತ್ತು.

ಬೇಲಿಯಾಚೆ ಮನೆಯ ಬೀಬಿ ಬಟ್ಟೆ ಒಣಹಾಕಲು ಬಂದು ಮೂಗಿಗೆ ಸೆರಗು ಹಿಡಿದರು. “ಅರೇ ಭಾಯ್, ನಿಮ್ಮ ಹಿತ್ತಲಲ್ಲಿ ಯಾವ ಕೋಳಿ ಯಾವ ವರ್ಷ ಮೊಟ್ಟೆ ಇಟ್ಟದ್ದು?”

“ದೊರೆಗೆ ಪಟ ತಯಾರಾಗ್ತಿದೆ, ಬೀಬಿ.”

“ಹೌದಾ? ಹಾಗಾದರೆ ಮೂಸಿ ನೋಡಬೇಡಿ ಅಂತ ದೊರೆಗೆ ಹೇಳಿ.”

ನಾನು ನಗುತ್ತಿರುವಾಗಲೇ ಮೊದಲನೆಯ ಹಾಳೆ ಕಂದಾಗಿ ತಿರುಗಿತು. ಬಣ್ಣ ಬಹಳ ಚೆನ್ನಾಗಿತ್ತು, ಜೇನಿನ ಬಣ್ಣ. ಆಮೇಲೆ ಕಂಡಿತು. ಕೂದಲ ಬಿರುಕುಗಳು ಇರಲಿಲ್ಲ. ಕಲ್ಲುಹೂವಿನ ಚುಕ್ಕೆಗಳು ಇರಲಿಲ್ಲ. ಬೂದಿಯ ಹತ್ತಾರು ಬಗೆಗಳು ಸೇರಿ ನಯವಾದ ಒಂದೇ ಹೊಂಬಣ್ಣವಾಗಿದ್ದವು. ನಾಲ್ಕೈದು ದೊಡ್ಡ ಬಿರುಕು ಉಳಿದಿದ್ದವು. ದೊಡ್ಡ ಬಿರುಕು ಹೊಸ ಮರದಲ್ಲೂ ಒಣಗುವಾಗ ಬರುತ್ತದೆ. ಉಳಿದ ಮೂರು ಹಾಳೆಗಳು ಅಷ್ಟರಲ್ಲಿ ಮೊದಲ ದ್ರಾವಣದಲ್ಲಿ ಬಿಳಚಿ ಮುಗಿದಿದ್ದವು. ಅವೂ ಹಾಗೆಯೇ ಆದವು. ಗಾಳಿ ಮಳೆ ತಿಂದ ಕಂಬ ಹೋಗಿ, ಉಳಿ ಹಾಕಿ ನಯಗೊಳಿಸಿದ ಕಂಬ ಬಂದಿತ್ತು.

ಯಜಮಾನರಿಗೆ ತೋರಿಸಿದೆ. ಅವರು ಒಂದೊಂದನ್ನೂ ನೋಡಿ ಕೆಳಗಿಟ್ಟರು. ತಮಾಷೆ ಮಾಡಲಿಲ್ಲ. “ಗಾಜಿನ ತಟ್ಟೆ ಇದೆಯಲ್ಲ. ಕಾಗದ ಬಂದ ಕೂಡಲೇ ಬೇರೆ ತೆಗಿ. ಬುಧವಾರ ಕಚೇರಿಗೆ ಹೋಗಿ ಎರಡು ದಿನ ಬೇಕು ಅಂತ ಕೇಳು. ಕೇಳಿದರೆ ಕೊಡ್ತಾರೆ,” ಎಂದರು.

ಹಾಗೆ ಕೇಳಬೇಕೆಂದೇ ಬುಧವಾರ ಹೋದೆ. ಇದನ್ನು ಯಾರೂ ನಂಬಬೇಕಾಗಿಲ್ಲ.

ಕೆಟ್ಟದ್ದನ್ನು ತೋರಿಸಿ ಕೇಳಲೆಂದು ತಂದಿದ್ದ ಚಿತ್ರಗಳನ್ನು, ನಾನು ಬಾಯಿ ತೆರೆಯುವ ಮೊದಲೇ, ದೊರೆ ಕಿಟಕಿಯ ಬೆಳಕಿಗೆ ಒಯ್ದು ನೋಡಿದರು. ಮೇಜಿನ ಒಂದು ಬದಿಗೆ ರೈತರು, ಇನ್ನೊಂದು ಬದಿಗೆ ಗಾರ್ಡ್. ನಾನು ಬಾಗಿಲ ಪಕ್ಕ ನಿಂತಿದ್ದೆ. ದೊರೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇದು ಗಂಧಕದಿಂದ ಕೊಟ್ಟ ಬಣ್ಣವೇ ಎಂದು ಕೇಳಿದರು. ಹೌದು ಎಂದೆ. ಇಷ್ಟು ಹದವಾದ ಕಂದನ್ನು ಬೆಂಗಳೂರಿನಲ್ಲೂ ಕಂಡಿಲ್ಲ, ಇಲ್ಲಿ ಇಂಥ ಕೆಲಸ ಮಾಡುವವರು ಇದ್ದಾರೆಂದು ಗೊತ್ತಿರಲಿಲ್ಲ ಎಂದರು. ಮುಂದಿನ ತಿಂಗಳು ಪ್ರದರ್ಶನಕ್ಕೆ ಏನಾದರೂ ಕಳಿಸುತ್ತೀರಷ್ಟೇ ಎಂದರು. ಕಳಿಸುತ್ತೇನೆ ಎಂದೆ. ಆ ಕ್ಷಣಕ್ಕಾಗಿ ನಾನು ಮಾಡಿದ್ದೆಲ್ಲ ಕೈಗೂಡಿತ್ತು.

ಗಾರ್ಡ್ ಕನ್ನಡದಲ್ಲಿ ಶುರು ಮಾಡಿದ, ಪಕ್ಕದಲ್ಲಿ ಕೂತ ಗುಮಾಸ್ತರು ಅದನ್ನು ದೊರೆಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. “ಸ್ವಾಮಿ, ಪಟದಲ್ಲೇ ನೋಡಿ. ಮೈ ಎಷ್ಟು ನುಣ್ಣಗಿದೆ. ಮಳೆ ತಿಂದ ಮರ ಹೀಗಿರ್ತದಾ? ಹಳೇ ಮರವಾದರೆ ಗೆದ್ದಲು ಗೆರೆ, ಹೊಪ್ಪಳೆ ಏನಾದರೂ ಬೇಡವಾ?”

ರೈತರು ತಡೆಯಲಾರದೆ ಹೇಳಿದರು. “ನುಣ್ಣಗೆನಾ? ನೀನೇ ಕೈ ಇಸಿ ಕೆತ್ತಿದ್ಯಲ್ಲ, ಸಿಬುರು ಹೊಕ್ಕಿ ಬೆರಳ್ ಚೀಪ್ತಾ ಹೋದ್ಯಲ್ಲ!”

ಗುಮಾಸ್ತರು ನಕ್ಕರು. ಗಾರ್ಡೂ ಒಂದು ಕ್ಷಣ ಬೆರಳು ನೋಡಿಕೊಂಡ. ಆದರೆ ದೊರೆಗೆ ಆ ಮಾತನ್ನು ಯಾರೂ ಇಂಗ್ಲಿಷಿನಲ್ಲಿ ಹೇಳಲಿಲ್ಲ. ಅವರು ಚಿತ್ರಗಳ ಹಿಂಬದಿಯನ್ನು ನನ್ನ ಮುಂದಿಟ್ಟು, ಇವು ಇದ್ದದ್ದನ್ನು ಇದ್ದ ಹಾಗೆಯೇ ತೋರಿಸುತ್ತವೆಯೇ ಎಂದು ಕೇಳಿದರು. ಕೇಳುವುದು ವಾಡಿಕೆ. ಉತ್ತರವನ್ನು ಬರೆದು ಸಹಿ ಹಾಕುವುದೂ ವಾಡಿಕೆ. ನನ್ನ ಮುಂದೆ ಪೆನ್ನಿತ್ತು. ‘ಇಲ್ಲ, ಎರಡು ದಿನ ಕೊಡಿ’ ಎನ್ನಲು ನಾಲ್ಕು ಪದ ಸಾಕಾಗಿತ್ತು. ಅಷ್ಟು ಹೇಳಿದರೆ ಹೊಗಳಿಕೆಗೆ ಕಾರಣವಾದ ಬಣ್ಣವೇ ಚಿತ್ರವನ್ನು ಕೆಡಿಸಿದೆ ಎಂದೂ ಹೇಳಬೇಕಾಗುತ್ತಿತ್ತು. ನಾನು ಹೌದು ಎಂದೆ. ನಾಲ್ಕು ಹಾಳೆಗೂ ಸಹಿ ಹಾಕಿದೆ.

ದೊರೆ ನಗುತ್ತಾ ನನ್ನ ಜೊತೆ ಮಾತಾಡಿದ್ದನ್ನು ರೈತರು ನೋಡಿದ್ದರು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡರು. “ದೊರೆಗೆ ಸಂತೋಷ ಆತ್. ನಾ ಮುಖ ನೋಡ್ದೆ. ಇನ್ ನಂಗೆ ಹೆದರಿಕೆ ಇಲ್ಲೆ.” ಮರುದಿನ ಅವರು ಊರಿನಿಂದ ಇಳಿದು ಬಂದು, ಸ್ಟುಡಿಯೊದ ಮೆಟ್ಟಿಲ ಮೇಲೆ ಒಂದು ಎಳೆಯ ಹಲಸಿನಕಾಯಿ ಇಟ್ಟು ಹೋದರು. ನಾನು ಒಳಗಿದ್ದೆ, ಹೊರಗೆ ಬರಲಿಲ್ಲ. ಯಜಮಾನರು ಅದನ್ನು ಮನೆಗೆ ಒಯ್ಯಲೂ ಇಲ್ಲ, ನನಗೆ ಕೊಡಲೂ ಇಲ್ಲ. ಬೀಬಿಗೆ ಕೊಟ್ಟುಬಿಟ್ಟರು.

ಶುಕ್ರವಾರ ಮಂಗಳೂರಿನ ಬಸ್ಸಿನಲ್ಲಿ ಕಾಗದ ಬಂತು. ನಾನು ಹೇಳಿಸಿಕೊಳ್ಳದೆ ನಾಲ್ಕೂ ಚಿತ್ರಗಳನ್ನು ಮತ್ತೆ ಅಚ್ಚು ಹಾಕಿದೆ, ಬರಿಯ ಕಪ್ಪು ಬಿಳುಪಿನಲ್ಲಿ. ಬೂದಿ ತಿರುಗಿ ಬಂತು. ಹುಕುಂ ಇನ್ನೂ ಆಗಿರಲಿಲ್ಲ. ಶನಿವಾರ ಹನ್ನೊಂದಕ್ಕೆ ಅವುಗಳನ್ನು ಲಕೋಟೆಯಲ್ಲಿಟ್ಟುಕೊಂಡು ಕಚೇರಿಗೆ ಹೋದೆ. ಗುಮಾಸ್ತರು ತಲೆ ಎತ್ತಿದರು.

“ಏನ್ರೀ, ಪತ್ರಿಕೆಯವರು? ಸುದ್ದಿಗಾ?”

“ದೊರೆಯನ್ನು ನೋಡಬೇಕಿತ್ತು.”

“ಒಳಗಿದ್ದಾರೆ. ಒಳ್ಳೇ ಮೂಡಿನಲ್ಲಿದ್ದಾರೆ, ಹೋಗಿ. ಏನು ವಿಷಯ ಅಂತ ಹೇಳಲಿ?”

ಲಕೋಟೆ ನನ್ನ ಕೈಯಲ್ಲಿತ್ತು. ಅದರೊಳಗಿನ ಚಿತ್ರಗಳನ್ನು ಕೊಟ್ಟರೆ ಬುಧವಾರದ ನಾಲ್ಕು ಸಹಿಗಳು ಸುಳ್ಳಾಗುತ್ತವೆ ಎಂಬುದು ಅಲ್ಲಿ ನಿಂತಾಗ ಸ್ಪಷ್ಟವಾಯಿತು. ಸುಳ್ಳು ಸಹಿ ಹಾಕಿದ ಸುದ್ದಿಗಾರನನ್ನು ಯಾವ ಪತ್ರಿಕೆಯೂ ಇಟ್ಟುಕೊಳ್ಳುವುದಿಲ್ಲ.

“ಪ್ರದರ್ಶನದ ಅರ್ಜಿ ಫಾರಂ ಬೇಕಿತ್ತು,” ಎಂದೆ.

“ಅದು ನನ್ನ ಹತ್ತಿರವೇ ಇದೆ,” ಎಂದು ಅವರು ಮೇಜಿನ ಖಾನೆಯಿಂದ ತೆಗೆದು ಕೊಟ್ಟರು. ನಾನು ಅಲ್ಲೇ ನಿಂತು ತುಂಬಿ ಕೊಟ್ಟೆ. ಹುಕುಮಿಗೆ ಸಹಿ ಬಿದ್ದದ್ದು ಆ ಮೇಲೆ, ಮಧ್ಯಾಹ್ನ ಎರಡು ಗಂಟೆಗೆ. ಆ ಮೂರು ಗಂಟೆಗಳಲ್ಲಿ ನಾನು ಊಟ ಮಾಡಿದೆ, ಒಂದು ಮದುವೆ ಗುಂಪಿನ ಪಟ ತೆಗೆದೆ.

ಸೋಮವಾರ ಪತ್ರಿಕೆಗೆ ಕಳಿಸಿದ ಸುದ್ದಿಯ ಪ್ರತಿ ನನ್ನ ಬಳಿ ಇದೆ. ‘ಗಾಳಿಬೀಡಿನ ರೈತರೊಬ್ಬರು ಸರಕಾರಿ ಕಾಡಿನ ಬೀಟೆ ಮರವನ್ನು ಕೊಟ್ಟಿಗೆಗೆ ಬಳಸಿದರೆಂಬ ಪ್ರಕರಣದಲ್ಲಿ ಕಂಬಗಳನ್ನು ವಶಪಡಿಸಿಕೊಳ್ಳಲು ಆಜ್ಞೆಯಾಗಿದೆ. ಕಂಬಗಳು ಪುರಾತನವೆಂಬ ವಾದಕ್ಕೆ ಸಾಕಷ್ಟು ಆಧಾರ ದೊರೆಯಲಿಲ್ಲ.’ ಎರಡು ವಾಕ್ಯ. ಒಂದೂ ತಪ್ಪಿಲ್ಲ. ಸಂಪಾದಕರು ಒಂದು ಅಕ್ಷರವನ್ನೂ ತಿದ್ದದೆ ಹಾಕಿದರು. ಏನನ್ನು ಬಿಟ್ಟಿದ್ದೀಯ ಎಂದು ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ಪ್ರದರ್ಶನದಲ್ಲಿ ನನ್ನ ಚಿತ್ರಕ್ಕೆ ಎರಡನೆಯ ಸ್ಥಾನ ಬಂತು. ನಾನು ಕಳಿಸಿದ್ದು ಒಂದು ಎತ್ತಿನ ಗಾಡಿಯ ಗಾಲಿಯ ಚಿತ್ರ. ಅದಕ್ಕೂ ಕಂದು ಕೊಟ್ಟಿದ್ದೆ, ತೋಡಿನಲ್ಲಿ ಅರ್ಧ ದಿನ ತೊಳೆದು.

ಮೇ ತಿಂಗಳ ಮೊದಲ ವಾರದಲ್ಲಿ ಕಂಬಗಳನ್ನು ಕಿತ್ತರು. ಜೂನ್ ಕೊನೆಗೆ ನಾನು ಗಾಳಿಬೀಡಿಗೆ ಹೋದೆ. ಹೇಳಿಬಿಡಬೇಕು ಎಂದು ಹೋದದ್ದು. ದನಗಳನ್ನು ಮನೆಯ ಗೋಡೆಗೆ ಒರಗಿಸಿ ಕಟ್ಟಿದ ಸೋಗೆಯ ಚಪ್ಪರದ ಕೆಳಗೆ ಕಟ್ಟಿದ್ದರು. ಐದಿದ್ದವು. ಕರು ಮೊದಲ ಮಳೆಯ ವಾರದಲ್ಲೇ ಸತ್ತಿತ್ತು. ಒಂದು ಹಸುವನ್ನು ತಿತಿಮತಿಯ ಕಡೆಯ ನೆಂಟರ ಮನೆಗೆ ಹೊಡೆದುಕೊಂಡು ಹೋಗಿದ್ದರು. ಜಾಗ ಸಾಲದೆ. ರೈತರು ಮಳೆಗೆ ಎಲೆಯ ಗೊರಬೆ ಹೊದ್ದುಕೊಂಡು ಚರಂಡಿ ತೋಡುತ್ತಿದ್ದವರು ಗುದ್ದಲಿ ಬಿಟ್ಟು ಬಂದರು.

ನಾನು ಶುರು ಮಾಡಿದೆ. “ಆ ಪಟದ ವಿಷಯ…”

“ನಿಮ್ಮ ಪಟಕ್ಕೆ ಎಂತ ಆಗಿತ್ತ್? ಪಟ ಲಾಯ್ಕ್ ಇತ್ತ್. ದೊರೆಗೆ ಮರ ಗೊತ್ಲೆ, ಅಷ್ಟೆ. ಅವರ ಸೀಮೆಲಿ ಬೀಟೆ ಉಟ್ಟಾ?”

“ಹಾಗಲ್ಲ. ತಪ್ಪು…”

“ತಪ್ಪ್ ನನ್ನದ್. ಕಣಜದ ಮನೆ ಹಂಗೇ ಬಿಡೊಕ್ಕಿತ್ತ್. ಒಳಗೆ ಬನ್ನಿ, ಮಳೆಗೆ ಚಂಡಿ ಆದರಿ.”

ಅವರ ಹೆಂಡತಿ ನನ್ನ ಕಡೆ ನೋಡಲಿಲ್ಲ. ಕಾಫಿ ತಂದಿಟ್ಟು ಒಳಗೆ ಹೋದರು. ಅವರಿಗೆ ಏನಾದರೂ ಗೊತ್ತಿತ್ತೇ ಎಂಬುದು ನನಗೆ ತಿಳಿಯದು. ಊಹಿಸಿ ಬರೆಯುವುದಿಲ್ಲ. ನಾನು ಕಾಫಿ ಕುಡಿದೆ. ಮಳೆ ಸ್ವಲ್ಪ ಬಿಟ್ಟಾಗ, ಬರುತ್ತೇನೆ ಎಂದು ಹೇಳಿ ಹೊರಟೆ. ಲಕೋಟೆ ಕೋಟಿನ ಒಳಜೇಬಿನಲ್ಲೇ ಇತ್ತು.

ಅದಾದ ಮೇಲೆ ನಾನು ಸ್ಟುಡಿಯೊ ಬಿಟ್ಟೆ. ಯಜಮಾನರು ಲೆನ್ಸ್ ಒರೆಸುವ ಬಟ್ಟೆ ಮಡಚುತ್ತಾ, “ಪೇಪರ್‌ಕಾರ, ಪೇಪರ್ ಕೆಲಸವೇ ನಿನಗೆ ಸರಿ. ಅಲ್ಲಿ ತೊಳೆಯೋ ಕೆಲಸ ಇಲ್ಲ,” ಎಂದರು. ಪತ್ರಿಕೆಯಲ್ಲಿ ಪೂರ್ತಿ ಕೆಲಸಕ್ಕೆ ಸೇರಿ ಅಲ್ಲಿಯೇ ಉಳಿದೆ. ಇತರರು ಬಿಟ್ಟದ್ದನ್ನು ಹುಡುಕಿ ತಿದ್ದುವುದು ನನ್ನ ಕೆಲಸವಾಯಿತು. ಕಟ್ಟುನಿಟ್ಟಿನವನು ಎಂದು ಹೆಸರೂ ಬಂತು. ಆ ಹೆಸರು ಕೇಳಿದಾಗಲೆಲ್ಲ ನಾನು ಮಾತು ಬದಲಿಸುತ್ತೇನೆ.

ರೈತರು 1942ರಲ್ಲಿ ತೀರಿಕೊಂಡರು. 1945ರ ಬೇಸಿಗೆಯಲ್ಲಿ ಅವರ ಮಗ, ಕೊಟ್ಟಿಗೆ ಕಟ್ಟಲು ತಮ್ಮ ಗದ್ದೆಗೆ ಸೇರಿದ ಬಾಣೆ ಕಾಡಿನ ಒಂದು ಮರ ಕಡಿಯಲು ಅನುಮತಿ ಕೇಳಿ ಅರ್ಜಿ ಹಾಕಿದರು. ತಂದೆಯ ಮೇಲೆ ಮರದ ಪ್ರಕರಣ ದಾಖಲಾಗಿದೆ ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಮರುವರ್ಷ ಅವರು ಇನ್ನೊಂದು ಅರ್ಜಿ ಹಾಕಿದ್ದಾರೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ದನಗಳನ್ನು ಚಪ್ಪರದಲ್ಲೇ ಕಟ್ಟುತ್ತಿದ್ದಾರೆ.